ನಂಬದವಳನ್ನೇ ಕರೆದುಕೊಂಡು ಹೋದರು

ಆ ಗುರುವಾರ ರಿಮೆ ಊರಿನ ಹೆಂಗಸರು ಒಬ್ಬರೂ ಸಂತೆಗೆ ಹೋಗಲಿಲ್ಲ.

ರಿಫ್ಕಾತು ಹಿಂದಿನ ದಿನವೇ ಆಲೂಗಡ್ಡೆ ಮೂಟೆಯ ಬಾಯಿ ಹೊಲಿದು ಬಾಗಿಲ ಪಕ್ಕಕ್ಕೆ ನಿಲ್ಲಿಸಿದ್ದಳು. ಬೆಳಿಗ್ಗೆ ಪಕ್ಕದ ಮನೆಯವಳು ಕಳ್ಳಿಬೇಲಿಯ ಮೇಲಿಂದ ಕತ್ತು ಚಾಚಿ, ಇವತ್ತು ಹೋಗಬೇಡ, ದನಗಾಹಿಗಳು ದಾರಿಯಲ್ಲಿ ಹೊಂಚು ಹಾಕಿದ್ದಾರಂತೆ ಅಂದಳು. ಯಾರು ಹೇಳಿದರು ಅಂದರೆ ಅವಳ ತಂಗಿಯ ಗಂಡನ ಫೋನಿಗೆ ಯಾರೋ ಕಳಿಸಿದ್ದರಂತೆ. ಆ ಯಾರೋ ಯಾರೆಂದು ರಿಫ್ಕಾತು ಕೇಳಲಿಲ್ಲ. ಮೂಟೆಯನ್ನು ಒಳಗೆಳೆದು ಬಾಗಿಲು ಹಾಕಿಕೊಂಡಳು. ಅವಳೇ ಹೋಗಲಿಲ್ಲವಲ್ಲ ಎಂದು ಆಚೆ ಮನೆಯವಳೂ ಹೋಗಲಿಲ್ಲ. ಹೊತ್ತೇರುವಷ್ಟರಲ್ಲಿ ಊರಿನ ಮೂಟೆಗಳೆಲ್ಲ ಒಳಗೆ ಸೇರಿದವು.

ನೈಜೀರಿಯಾದ ಜೋಸ್ ಬೆಟ್ಟಸೀಮೆಯಲ್ಲಿ ಇಂಥ ಗುರುವಾರಗಳು ಹೊಸತಲ್ಲ. ಉಳುವ ಬೆರೊಮ್ ಜನ ಚರ್ಚಿಗೆ ಹೋಗುವವರು, ದನ ಕಾಯುವ ಫುಲಾನಿ ಜನ ಮಸೀದಿಗೆ ಹೋಗುವವರು. ಒಂದು ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಅವರ ದನ ಇವರ ಹೊಲದ ಕೂಳೆ ಮೇಯುತ್ತಿತ್ತು, ಇವರ ನೆಲಕ್ಕೆ ಅವರ ದನದ ಗೊಬ್ಬರ ಬೀಳುತ್ತಿತ್ತು. ಆಮೇಲೆ ಕೆಟ್ಟ ವರ್ಷಗಳು ಬಂದವು. ಎರಡೂ ಕಡೆ ಹೊಸ ಗೋರಿಗಳು ಎದ್ದವು. ಅವುಗಳಲ್ಲಿ ಒಂದು ರಿಫ್ಕಾತುವಿನ ಗಂಡನದು. ಒಂಬತ್ತು ವರ್ಷದ ಹಿಂದೆ ಹೊಲಕ್ಕೆ ಹೋದವನನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದಿದ್ದರು. ಯಾರು ಕೊಂದರೆಂದು ಪೊಲೀಸರಿಗೆ ತಿಳಿಯಲಿಲ್ಲ, ಊರಿಗೆ ತಿಳಿಯಲಿಲ್ಲ. ರಿಫ್ಕಾತುವಿಗೆ ಮಾತ್ರ ತಿಳಿದಿತ್ತು. ಅವರೇ.

ಅವಳಿಗೆ ಉಳಿದದ್ದು ಒಬ್ಬನೇ ಮಗ, ಚೋಜಿ. ಆಗ ಹನ್ನೊಂದು ವರ್ಷದವನು, ಈಗ ಇಪ್ಪತ್ತು. ಅವನನ್ನು ಹೆಗಲು ಕೊಟ್ಟು ಬೆಳೆಸಿದವನು ಗಂಡನ ಅಣ್ಣ ದಾವೂ.

ಊರಿನಲ್ಲಿ ಪಾದ್ರಿ ತೋಮಾ ಇದ್ದರು. ಎರಡು ಮೈಲಿ ಆಚೆ ಸಂತೆ ಕೂಡುವ ಕೂಡುರಸ್ತೆಯ ಮಸೀದಿಯಲ್ಲಿ ಇಮಾಮ್ ಹಾಶಿಮು ಇದ್ದರು. ಕೆಟ್ಟ ವರ್ಷಗಳಿಂದ ಈಚೆಗೆ ಈ ಇಬ್ಬರೂ ಜೋಡಿ ಎತ್ತಿನ ಹಾಗೆ. ಎಲ್ಲಿ ಸಾವಾದರೂ ಇಬ್ಬರೇ ಹೋಗುವರು, ಎಲ್ಲಿ ಬೇಲಿ ಜಗಳವಾದರೂ ಇಬ್ಬರೇ ಕೂರುವರು. ರಿಫ್ಕಾತುವಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಗಂಡನ ಸಾವಿಗೆ ಮಾತನಾಡಿಸಲು ಬಂದಾಗ ಪಾದ್ರಿಗೆ ಮಣೆ ಹಾಕಿದ್ದಳು, ಇಮಾಮರ ಕಡೆಗೆ ನೋಡಿರಲಿಲ್ಲ. ಅವರು ಆ ಮಧ್ಯಾಹ್ನವೆಲ್ಲ ಬಾಗಿಲಾಚೆ ಕಲ್ಲಿನ ಮೇಲೆ ಬಿಸಿಲಿನಲ್ಲಿ ಕೂತಿದ್ದರು. ಇದೂ ಒಂದು ನಾಟಕ ಅಂದುಕೊಂಡಿದ್ದಳು ಅವಳು.

ಶುಕ್ರವಾರ ನಸುಕಿನಲ್ಲಿ ದಾವೂ ತನ್ನ ಅಚ್ಚಾ ಪೈರು ನೋಡಿ ಬರುತ್ತೇನೆಂದು ಹೋದ. ಅಚ್ಚಾ ಸಾಸಿವೆಗಿಂತ ಸಣ್ಣ ಕಾಳು. ಮಾಗಿದ ಮೇಲೆ ಒಂದು ದನ ಹೊಕ್ಕರೂ ಉದುರಿ ಮಣ್ಣುಪಾಲು. ಗಂಜಿಯ ಹೊತ್ತಾದರೂ ಅವನು ಬರಲಿಲ್ಲ. ಹುಡುಕಲು ಹೋದ ಚೋಜಿಗೆ ಸಿಕ್ಕಿದ್ದು ದೊಡ್ಡಪ್ಪನ ಟೋಪಿ, ಕಳ್ಳಿಬೇಲಿಯ ಮೇಲೆ ರಕ್ತ, ಸುತ್ತ ದನದ ಗೊರಸಿನ ಗುರುತು. ಆ ಜಾಗದಿಂದ ಎದುರು ಗುಡ್ಡದ ಫುಲಾನಿ ಹಟ್ಟಿ ಕಾಣುತ್ತದೆ. ಅಲ್ಲಿ ಒಂದು ಹೆಂಗಸು ಕಾಣಲಿಲ್ಲ, ಒಂದು ಕರು ಕಾಣಲಿಲ್ಲ. ನಿನ್ನೆ ಸಂಜೆಯೇ ಅವರು ಹಾಲಿನ ಸೋರೆಬುರುಡೆಗಳನ್ನು ತಲೆ ಮೇಲಿಟ್ಟುಕೊಂಡು ಗುಡ್ಡ ದಾಟಿದ್ದನ್ನು ಒಬ್ಬರು ಕಂಡಿದ್ದರು.

ಇದರ ಅರ್ಥ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಹೆಂಗಸರು ಮಕ್ಕಳನ್ನು ದಾಟಿಸಿದರೆಂದರೆ ಗಂಡಸರು ನುಗ್ಗುತ್ತಾರೆ.

ಚರ್ಚಿನ ಅಂಗಳದಲ್ಲಿ ನಲವತ್ತು ಜನ ಯುವಕರು ಸೇರಿದರು. ಎಲ್ಲರ ಕೈಯಲ್ಲೂ ಮಚ್ಚು. ಮುಂದೆ ನಿಂತವನು ಚೋಜಿ. ರಿಫ್ಕಾತು ಓಡಿಬಂದು ಅವನ ತೋಳು ಹಿಡಿದಳು.

"ಬಿಡಮ್ಮ. ಅಪ್ಪ ಹೋದಾಗ ನಾನು ಚಿಕ್ಕೋನು. ಅವರು ಎಂಥೋರು ಅಂತ ದಿನಾ ಒಲೆ ಮುಂದೆ ಹೇಳ್ತಿದ್ದೋಳು ನೀನೇ. ಈಗ ತಡೀತೀಯಾ?"

ಅವಳು ಹೇಳಿದ್ದು ದುಃಖಕ್ಕೆ. ಅದು ಮಗನ ಕೈಯಲ್ಲಿ ಮಚ್ಚಾಗಿ ನಿಲ್ಲುತ್ತದೆ ಎಂದು ಎಂದೂ ಅಂದುಕೊಂಡಿರಲಿಲ್ಲ. ಇವನು ಹೋದರೆ ಕೊಂದು ಬರುತ್ತಾನೆ, ಇಲ್ಲವೇ ಬರುವುದೇ ಇಲ್ಲ. ಎರಡರಲ್ಲಿ ಯಾವುದಾದರೂ ಅವಳಿಗೆ ಮಗ ಉಳಿಯುವುದಿಲ್ಲ.

ಅಷ್ಟರಲ್ಲಿ ಕೆಮ್ಮುತ್ತಾ ಪಾದ್ರಿ ತೋಮಾ ಬಂದರು. ಗಿಡ್ಡ ಮನುಷ್ಯ, ದೂಳುಗಾಳಿಯ ತಿಂಗಳಾದ್ದರಿಂದ ಕತ್ತಿಗೆ ಮಫ್ಲರ್ ಸುತ್ತಿದ್ದರು. ಅವರು ಬೋಧನೆ ಮಾಡಲಿಲ್ಲ. ಮೊದಲು ಟೋಪಿ ಇಸಿದುಕೊಂಡು ತಿರುಗಿಸಿ ನೋಡಿದರು. ದಾವೂನನ್ನು ಹೊಡೆದದ್ದು ಕಂಡವರು ಯಾರು ಎಂದು ಕೇಳಿದರು. ಯಾರೂ ಕಂಡಿರಲಿಲ್ಲ. ಹಾಗಾದರೆ ಸೂರ್ಯ ನೆತ್ತಿಗೆ ಬರುವವರೆಗೆ ನನಗೆ ಬಿಡಿ, ನಾನೂ ಇಮಾಮರೂ ಹಟ್ಟಿಗೆ ಹೋಗಿ ನೋಡಿ ಬರುತ್ತೇವೆ ಅಂದರು.

"ಹೋಗಿ ಪಾದ್ರಿಗಳೇ, ಅವರ ಜೊತೆ ಹಾಲು ಕುಡಿದು ಬನ್ನಿ. ಅಷ್ಟರಲ್ಲಿ ದೊಡ್ಡಪ್ಪನ ಹೆಣ ತಣ್ಣಗಾಗಿರತ್ತೆ" ಅಂದ ಚೋಜಿ.

"ಅವನು ಬದುಕಿದ್ರೆ? ನೀವು ನುಗ್ಗಿದ ಗಲಾಟೆಲೇ ಅವನ ಪ್ರಾಣ ಹೋದ್ರೆ, ಆ ಹೆಣ ಯಾರು ಹೊರಬೇಕಪ್ಪ?"

ಈ ನಡುವೆ ಪಾದ್ರಿಯ ಹೆಂಡತಿ ಅಂಗಳದಲ್ಲೇ ಮೂರು ಕಲ್ಲು ಹೂಡಿ ದೊಡ್ಡ ಹಂಡೆಯಲ್ಲಿ ಅಚ್ಚಾ ಗಂಜಿಗೆ ಎಸರಿಟ್ಟುಬಿಟ್ಟಿದ್ದಳು. ಖಾಲಿ ಹೊಟ್ಟೆಯಲ್ಲಿ ಒಬ್ಬನೂ ಕದಲಕೂಡದು ಅಂದಳು. ಭಾನುವಾರದ ಪಾಠದಲ್ಲಿ ಆ ನಲವತ್ತೂ ಜನರ ಕಿವಿ ಹಿಂಡಿದವಳು ಅವಳು. ಪಾದ್ರಿಗೆ ಎದುರಾಡಿದವರು ಅವಳಿಗೆ ಎದುರಾಡದೆ ಕೂತರು.

ಆಗ ಪಾದ್ರಿ ರಿಫ್ಕಾತುವಿನ ಕಡೆ ತಿರುಗಿದರು. "ಚೋಜಿಯಮ್ಮ, ನೀನು ನಮ್ಮ ಜೊತೆ ಬಾ."

"ನಾನ್ಯಾಕೆ? ನಿಮ್ಮಿಬ್ಬರ ನಾಟಕ ನೋಡೋದಕ್ಕಾ?"

"ಹೂಂ, ಅದಕ್ಕೇ. ನನ್ನ ನಂಬೋರನ್ನ ಕರ್ಕೊಂಡು ಹೋದ್ರೆ ಏನು ಬಂತು? ಅವರು ಇಲ್ಲೇ ಕೂತಿದ್ರೂ ನಂಬ್ತಾರೆ. ಊರಲ್ಲಿ ನನ್ನ ಮೇಲೆ ಹೆಚ್ಚು ಅನುಮಾನ ಇರೋಳು ನೀನು. ನಾನು ನೋಡಿದ್ದನ್ನ ನೀನೂ ನೋಡಬೇಕು. ಆಮೇಲೆ ಇವರಿಗೆ ನಾನಲ್ಲ, ನೀನು ಹೇಳಬೇಕು."

ಇದು ಅವರಿಬ್ಬರು ವರ್ಷಗಳಿಂದ ನಡೆಸಿಕೊಂಡು ಬಂದ ಪದ್ಧತಿ ಎಂದು ರಿಫ್ಕಾತುವಿಗೆ ಅಂದೇ ತಿಳಿದದ್ದು. ಜಗಳದ ಜಾಗಕ್ಕೆ ಹೋಗುವಾಗ ಹೌದಪ್ಪನನ್ನು ಅವರು ಕರೆದೊಯ್ಯುವುದಿಲ್ಲ. ಆ ಊರಿನಲ್ಲಿ ಯಾರು ಹೆಚ್ಚು ಬೈಯುತ್ತಾರೋ ಅವರ ಮನೆ ಬಾಗಿಲಿಗೇ ಹೋಗುತ್ತಾರೆ.

ಅವಳು ಮಗನ ಮುಖ ನೋಡಿದಳು, ಹಂಡೆಯ ಕೆಳಗಿನ ಬೆಂಕಿ ನೋಡಿದಳು, ಹೊರಟಳು.

ಕೂಡುರಸ್ತೆಯಲ್ಲಿ ಇಮಾಮ್ ಹಾಶಿಮು ಬಿಳಿ ನಿಲುವಂಗಿ ತೊಟ್ಟು ಕೋಲು ಹಿಡಿದು ನಿಂತಿದ್ದರು. ಪಾದ್ರಿ ಮೊದಲೇ ಹೇಳಿಕಳಿಸಿದ್ದರಿಂದ ಶುಕ್ರವಾರದ ದೊಡ್ಡ ನಮಾಜಿಗೆ ತಮ್ಮ ಬದಲು ಇನ್ನೊಬ್ಬರನ್ನು ಒಪ್ಪಿಸಿ ಬಂದಿದ್ದರು.

"ನಿನಗಿಂತ ಮುಂಚೆ ನಿನ್ನ ಕೆಮ್ಮು ಬಂತಲ್ಲೋ ತೋಮಾ" ಅಂದರು.

"ನಿನಗಿಂತ ಮುಂಚೆ ನಿನ್ನ ಹೊಟ್ಟೆ ಬರೋದಿಲ್ವಾ, ಹಾಗೆ" ಅಂದರು ಪಾದ್ರಿ.

ರಸ್ತೆಯ ಅಂಚಿನಲ್ಲಿ ಒಂದು ಗಳಿಗೆ ನಿಂತು ಇಬ್ಬರೂ ತಮ್ಮ ತಮ್ಮ ರೀತಿಯಲ್ಲಿ ದೇವರನ್ನು ನೆನೆದರು. ಒಬ್ಬರು ಕೈ ಜೋಡಿಸಿದರು, ಒಬ್ಬರು ಕೈ ಬಿಚ್ಚಿ ಹಿಡಿದರು. ರಿಫ್ಕಾತುವಿಗೆ ಪ್ರಾರ್ಥನೆ ಬರಲಿಲ್ಲ. ಚೋಜಿ, ಚೋಜಿ ಎಂದಷ್ಟೇ ಅವಳ ಒಳಗೆ ನಡೆಯುತ್ತಿತ್ತು. ಅದನ್ನೂ ದೇವರು ಪ್ರಾರ್ಥನೆಯೆಂದೇ ಕೇಳಿಸಿಕೊಂಡಿರಬೇಕು.

ಮೋಟರ್ ಸೈಕಲ್ ಇದ್ದರೂ ಅವರು ನಡೆದೇ ಹೊರಟರು. ದೂರದಿಂದಲೇ ಎರಡೂ ಕಡೆಯವರಿಗೆ ನಿಧಾನವಾಗಿ ಕಾಣಿಸಬೇಕು ಎಂಬುದು ಅವರ ಲೆಕ್ಕ. ಗುಡ್ಡದ ದಾರಿ ಹಿಡಿದ ಕೂಡಲೇ ಪಾದ್ರಿ ಮುಂದಾದರು, ಇಮಾಮ್ ಹಿಂದೆ ಸರಿದರು. ರಿಫ್ಕಾತುವಿಗೆ ಇದು ತಲೆಕೆಳಗಾಗಿ ಕಂಡಿತು. ಫುಲಾನಿಗಳ ಹಟ್ಟಿಗೆ ಹೋಗುವಾಗ ಅವರ ಇಮಾಮನಲ್ಲವೇ ಮುಂದೆ ಇರಬೇಕಾದ್ದು?

ಇಮಾಮ್ ನಕ್ಕರು. "ಅವನು ನನ್ನ ಬೆನ್ನ ಹಿಂದೆ ಅಡಗಿಕೊಂಡು ಹೋದ್ರೆ, ಇವನು ಹೆದರಿದಾನೆ, ಹೆದರೋನು ಏನೋ ಮಾಡೋಕೆ ಬಂದಿದಾನೆ ಅಂತಾರೆ. ಪೆಟ್ಟು ಯಾರಿಗೆ ಬೀಳಬಹುದೋ ಅವನು ಮುಂದೆ ಹೋಗಬೇಕು ತಾಯಿ. ನಿಮ್ಮ ಊರಿಗೆ ಬರೋವಾಗ ನಾನು ಮುಂದೆ."

ಅವಳು ಸ್ವಲ್ಪ ದೂರ ನಡೆದು, ನೆಲ ನೋಡುತ್ತಲೇ ಕೇಳಿದಳು. "ಆವತ್ತು ನಮ್ಮನೆ ಮುಂದೆ ಅಷ್ಟು ಹೊತ್ತು ಯಾಕೆ ಬಿಸಿಲಲ್ಲಿ ಕೂತಿದ್ರಿ?"

"ಒಳಗೆ ಬನ್ನಿ ಅಂತ ನೀನು ಅನ್ನಲಿಲ್ಲ. ಹೋಗಿ ಅಂತಾನೂ ಅನ್ನಲಿಲ್ಲ. ಸತ್ತ ಮನೆಯಿಂದ ನಾನಾಗೇ ಎದ್ದು ಹೋಗೋಕೆ ಆಗುತ್ತಾ?"

ಏರಿನಲ್ಲಿ ಹಿಂದುಳಿದ ಅವರಿಗಾಗಿ ಅವಳು ಹೆಜ್ಜೆ ನಿಧಾನ ಮಾಡಿದಳು.

ಹಟ್ಟಿಯ ಬಾಯಲ್ಲಿ ಮುಳ್ಳು ಎಳೆದು ದಾರಿ ಮುಚ್ಚಿದ್ದರು. ಆಚೆ ಹತ್ತಾರು ಗಂಡಸರು ಬಿಲ್ಲು, ದೊಣ್ಣೆ ಹಿಡಿದು ನಿಂತಿದ್ದರು. ಒಬ್ಬನ ಬಾಣ ಬಿಲ್ಲಿಗೇರಿತ್ತು. ಪಾದ್ರಿ ನಿಂತು, ತಲೆಯ ಕುಲಾವಿ ತೆಗೆದು, ಎರಡೂ ಜನಕ್ಕೆ ಬರುವ ಹೌಸಾ ಮಾತಿನಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಊರಿನ ಹೆಸರು ಹೇಳಿದರು. ಕೆಮ್ಮು ಬಂತು. ಕೆಮ್ಮಿ ಮುಗಿಸಿ ಮತ್ತೆ ಹೇಳಿದರು. ಬಿಲ್ಲು ಇಳಿಯಿತು. ಮುಳ್ಳು ಸರಿಯಿತು.

ಹುಲ್ಲು ಗುಡಿಸಲಿನ ನೆರಳಲ್ಲಿ ಚಾಪೆಯ ಮೇಲೆ ದಾವೂ ಮಲಗಿದ್ದ. ತಲೆಗೆ ಬಟ್ಟೆ ಸುತ್ತಿತ್ತು, ಬಟ್ಟೆಯೆಲ್ಲ ಕೆಂಪು. ಬಲಗಾಲಿಗೆ ದಬ್ಬೆ ಕಟ್ಟಿದ್ದರು. ಪಕ್ಕದಲ್ಲಿ ಹಟ್ಟಿಯ ಹಿರಿಯ ಜಿಬೊನ ಹೆಂಡತಿ ಹುರೆ, ಹಾಲಿನ ಬುರುಡೆ ಹಿಡಿದು ಕೂತಿದ್ದಳು.

"ಬಂದ್ಯಾ ರಿಫ್ಕಾತು? ಬೇಗ ಕರ್ಕೊಂಡು ಹೋಗು ಮಾರಾಯ್ತಿ. ಗುಂಡಿಗೆ ಬಿದ್ದೂ ಸಾಯದೋನನ್ನ ಇವಳು ಹಾಲು ಕುಡಿಸಿ ಕುಡಿಸಿ ಸಾಯಿಸ್ತಾಳೆ" ಅಂದ ದಾವೂ.

ರಿಫ್ಕಾತು ಚಾಪೆಯ ಪಕ್ಕ ಕೂತಳು. ಆದರೂ ಅವಳು ಸುಲಭಕ್ಕೆ ನಂಬುವವಳಲ್ಲ. ಪಾದ್ರಿ, ಇಮಾಮ್ ಇಬ್ಬರೂ ಬೇಕೆಂದೇ ದೂರ ಹೋಗಿ ಕೂತರು, ಹಟ್ಟಿಯವರನ್ನೂ ದೂರ ಕೂರಿಸಿದರು. ಅವಳು ಬೆರೊಮ್ ಮಾತಿನಲ್ಲಿ ಪಿಸುಗುಟ್ಟಿ ಕೇಳಿದಳು. ಯಾರು ಹೊಡೆದರು ಹೇಳು ಭಾವ, ಹೆದರಬೇಡ. ದಾವೂ ಕಣ್ಣು ಮುಚ್ಚಿಕೊಂಡೇ ಹೇಳಿದ. ಬೇಲಿ ಸಂದಿಯಲ್ಲಿ ಒಂದು ಹಸು ನುಗ್ಗಿತ್ತಂತೆ. ಅಟ್ಟಿಸಿಕೊಂಡು ಹೋಗುವಾಗ ಕಳ್ಳಿಗೆ ಬಿದ್ದು ಮುಖ ಗೀರಿತಂತೆ, ಎದ್ದು ಮತ್ತೆ ಓಡಿದವನು ಹಳೆಯ ತವರದ ಗಣಿಗುಂಡಿಗೆ ಜಾರಿದನಂತೆ. ಹಸು ಹುಡುಕಿಕೊಂಡು ಬಂದ ಹಟ್ಟಿಯ ಯುವಕ ನರಳಾಟ ಕೇಳಿ, ಇಳಿದು, ಬೆನ್ನಿಗೆ ಹಾಕಿಕೊಂಡು ಮೇಲೆ ತಂದನಂತೆ.

"ಯಾರೂ ಹೊಡೆದಿಲ್ಲ ಕಣೆ. ನನ್ನ ಹೊಡೆದಿದ್ದು ನನ್ನ ಕೋಪ."

ರಿಫ್ಕಾತು ಎದ್ದು ಜಿಬೊನ ಎದುರು ನಿಂತಳು. ಇಷ್ಟೆಲ್ಲ ಒಳ್ಳೆಯವರಾದರೆ ಊರಿಗೆ ಯಾಕೆ ತರಲಿಲ್ಲ ಎಂದು ಕೇಳಿದಳು. ಜಿಬೊ ತನ್ನ ಗಡ್ಡ ನೀವಿಕೊಂಡ.

"ನಿಮ್ಮ ಮನುಷ್ಯನನ್ನ, ರಕ್ತ ಸುರಿಯೋನನ್ನ, ನಾವು ಹೊತ್ಕೊಂಡು ನಿಮ್ಮ ಊರಿಗೆ ಬಂದ್ರೆ, ನಾವು ಬಾಯಿ ತೆಗೆಯೋಕೆ ಮುಂಚೆ ನಿಮ್ಮ ಮಚ್ಚು ಮಾತಾಡಿರೋದು. ಇಮಾಮರಿಗೆ ಹೇಳೋಕೆ ಒಬ್ಬನನ್ನ ಗುಡ್ಡ ಸುತ್ತಿ ಕಳಿಸಿದ್ವಿ. ಅವರು ಅಷ್ಟರಲ್ಲಿ ಈ ದಾರಿ ಹಿಡಿದಿದ್ರು."

"ಮತ್ತೆ ಹೆಂಗಸರನ್ನ ಯಾಕೆ ದಾಟಿಸಿದ್ರಿ? ನಿನ್ನೆಯೇ?"

ಈಗ ಹುರೆ ಬುರುಡೆ ಕೆಳಗಿಟ್ಟಳು. ಎಷ್ಟೋ ವರ್ಷ ಸಂತೆಯಲ್ಲಿ ಈ ಇಬ್ಬರೂ ಪಕ್ಕಪಕ್ಕ ಕೂತವರು, ಒಬ್ಬಳು ಹಾಲಿನ ಮುಂದೆ, ಒಬ್ಬಳು ಆಲೂಗಡ್ಡೆಯ ಮುಂದೆ. ಗಂಡ ಸತ್ತ ಮೇಲೆ ರಿಫ್ಕಾತು ಜಾಗ ಬದಲಿಸಿದ್ದಳು.

"ನೀನ್ಯಾಕೆ ನಿನ್ನೆ ಸಂತೆಗೆ ಬರಲಿಲ್ಲ?" ಅಂದಳು ಹುರೆ. "ಆಲೂಗಡ್ಡೆ ಬೆಳೀಲಿಲ್ವಾ? ನಿಮ್ಮೂರಿನ ಒಬ್ಬಳೂ ಬರಲಿಲ್ಲ. ನಾನು ಮಧ್ಯಾಹ್ನದವರೆಗೂ ಖಾಲಿ ಸಾಲು ನೋಡ್ಕೊಂಡು ಕೂತಿದ್ದೆ. ಬೆರೊಮ್ ಹೆಂಗಸರು ಸಂತೆ ಬಿಟ್ರು ಅಂದ್ರೆ ಅವರ ಗಂಡಸರು ಬರ್ತಾರೆ ಅಂತ ಚಿಕ್ಕ ಮಗೂಗೂ ಗೊತ್ತು. ಬಂದೋಳೇ ಸೊಸೆಯರನ್ನ ಮೊಮ್ಮಕ್ಕಳನ್ನ ಹೊರಡಿಸಿದೆ. ನನಗೆ ಮೊಣಕಾಲು ನೋವು, ನಾನು ಉಳಿದೆ."

ರಿಫ್ಕಾತುವಿನ ಕಣ್ಣ ಮುಂದೆ ಬಾಗಿಲೊಳಗೆ ಎಳೆದುಕೊಂಡ ಆ ಮೂಟೆ ಬಂತು. ತಾನು ಹೆದರಿ ಮನೆಯಲ್ಲಿ ಕೂತದ್ದು ಇಲ್ಲಿ ಸಂಚಾಗಿ ಕಂಡಿದೆ. ಇವರು ಹೆದರಿ ಗುಡ್ಡ ದಾಟಿದ್ದು ಅಲ್ಲಿ ಸಂಚಾಗಿ ಕಂಡಿದೆ. ನಡುವೆ ಅಷ್ಟೂ ಹೊತ್ತು ಒಬ್ಬ ಮುದುಕ ಹಾಲು ಕುಡಿಯುತ್ತಾ ಮಲಗಿದ್ದಾನೆ. ಇಷ್ಟೇ ವಿಷಯಕ್ಕೆ ತನ್ನ ಮಗ ಮಚ್ಚು ಹಿಡಿದು ನಿಂತಿದ್ದಾನೆ.

ಅವಳು ಸೂರ್ಯನನ್ನು ನೋಡಿದಳು. ಹೊತ್ತು ಏರಿತ್ತು.

ದಾವೂನನ್ನು ಮಂಚದ ಮೇಲೆ ಮಲಗಿಸಿದರು. ಹೊರಲು ನಾಲ್ಕು ಜನ ಫುಲಾನಿ ಯುವಕರು ಬೇಕಾಯಿತು. ಆಯುಧ ಇಟ್ಟು ಬರಬೇಕೆಂದಾಗ ಅವರ ಮುಖ ಸಪ್ಪಗಾಯಿತು. ನಿಮ್ಮ ಮುಂದೆ ನಾನಿರುತ್ತೇನೆ ಅಂದರು ಇಮಾಮ್. ಅವರು ಹೇಳಿದಂತೆಯೇ ಮುಂದಾದರು. ಆ ದಪ್ಪ ಮನುಷ್ಯ ಅಷ್ಟು ಬಿರುಸಾಗಿ ನಡೆಯಬಲ್ಲರೆಂದು ರಿಫ್ಕಾತು ಎಣಿಸಿರಲಿಲ್ಲ.

ಊರ ಅಂಚಿಗೆ ಬರುವಾಗ ನೆರಳು ಕಾಲಡಿಗೆ ಬಂದಿತ್ತು. ಗಂಜಿಯ ಹಂಡೆ ಖಾಲಿಯಾಗಿರಬೇಕು, ಯುವಕರೆಲ್ಲ ಕಳ್ಳಿಬೇಲಿಯ ಬಳಿ ಬಂದು ನಿಂತಿದ್ದರು. ಅವರಿಗೆ ಮೊದಲು ಕಂಡದ್ದು ಬಿಳಿ ನಿಲುವಂಗಿ. ಅದರ ಹಿಂದೆ ಫುಲಾನಿಗಳ ಹೆಗಲ ಮೇಲೆ ಒಂದು ಮಂಚ, ಮಂಚದ ಮೇಲೆ ಕೆಂಪು ಬಟ್ಟೆ. ಗುಂಪಿನಲ್ಲಿ ಒಂದು ಸದ್ದೆದ್ದಿತು. ಚೋಜಿ ಮುಂದೆ ಓಡಿ ಬಂದ. ಮಚ್ಚು ಮೇಲೆದ್ದಿತ್ತು.

ಇಮಾಮ್ ನಿಲ್ಲಲಿಲ್ಲ. ಹೆಜ್ಜೆ ಬದಲಿಸಲೂ ಇಲ್ಲ. ತುಟಿ ಮಾತ್ರ ಅಲುಗುತ್ತಿತ್ತು.

ರಿಫ್ಕಾತು ಮಂಚದ ಪಕ್ಕದಿಂದ ಓಡಿ ಇಮಾಮರನ್ನು ದಾಟಿ ಮಗನ ಎದುರು ನಿಂತಳು.

"ಚೋಜಿ. ನಾನು ನೋಡಿ ಬಂದಿದೀನಿ. ದೊಡ್ಡಪ್ಪ ಬದುಕಿದಾನೆ. ಅವನು ಗಣಿಗುಂಡಿಗೆ ಬಿದ್ದಿದ್ದ, ಇವರು ಎತ್ತಿದ್ರು. ಪಾದ್ರಿಗಳು ಹೇಳ್ತಿಲ್ಲ, ಇಮಾಮರು ಹೇಳ್ತಿಲ್ಲ. ನಿನ್ನ ಅಮ್ಮ ಹೇಳ್ತಿದೀನಿ."

ನಲವತ್ತು ಜನ ಅವಳ ಮುಖ ನೋಡಿದರು. ಪಾದ್ರಿ ಹೇಳಿದ್ದರೆ ಇನ್ನೊಂದು ಮಾತು ಬರುತ್ತಿತ್ತು. ಆ ಊರಿನಲ್ಲಿ ಫುಲಾನಿಗಳ ಪರವಾಗಿ ರಿಫ್ಕಾತು ಸುಳ್ಳು ಹೇಳುತ್ತಾಳೆಂದು ನಂಬುವವರು ಯಾರೂ ಇರಲಿಲ್ಲ.

ಮಂಚದ ಮೇಲಿಂದ ದಾವೂ ಗೊಣಗಿದ. "ಲೋ, ಆ ಮಚ್ಚು ಬಿಸಾಕಿ ಬಂದು ಮಂಚ ಹಿಡಿಯೋ. ಈ ಮಕ್ಕಳಿಗೆ ಹೆಗಲು ಸೋತಿದೆ."

ಚೋಜಿಯ ಕೈ ಇಳಿಯಿತು. ಅವನು ಬಂದು ಮಂಚದ ಒಂದು ಕಾಲಿಗೆ ಹೆಗಲು ಕೊಟ್ಟ. ಪಕ್ಕದ ಕಾಲು ಹೊತ್ತವನೇ ದಾವೂನನ್ನು ಗುಂಡಿಯಿಂದ ಎತ್ತಿದವನು. ಇಬ್ಬರೂ ಹಾಗೇ ಕೂಡುರಸ್ತೆಯ ಆಸ್ಪತ್ರೆಯವರೆಗೂ ನಡೆದರು.

ಅಂದು ಸಂಜೆ ಒಲೆಯ ಮುಂದೆ ರಿಫ್ಕಾತು ಮಗನಿಗೆ ಗಂಜಿ ಬಡಿಸಿ, ತಾನು ಉಣ್ಣದೆ ಕೂತಳು.

"ನಿನ್ನ ಅಪ್ಪನ್ನ ಕೊಂದೋರು ಯಾರು ಅಂತ ನನಗೆ ಗೊತ್ತಿಲ್ಲ ಮಗ. ಗೊತ್ತು ಅಂತ ಒಂಬತ್ತು ವರ್ಷ ಹೇಳಿದೆ. ನನಗೆ ಗೊತ್ತಿರಲಿಲ್ಲ."

ಚೋಜಿ ತಟ್ಟೆ ಪಕ್ಕಕ್ಕಿಟ್ಟ. ಕೊಂದವನು ಯಾರೋ ಒಬ್ಬ ಇದ್ದಾನಲ್ಲ ಎಂದು ಕೇಳಿದ. ಇದ್ದಾನೆ, ಅವನು ಸಿಕ್ಕರೆ ಕೋರ್ಟಿಗೆ ಕೊಡೋಣ, ಇಡೀ ಗುಡ್ಡವನ್ನು ಕೊಡುವುದು ಬೇಡ ಅಂದಳು ಅವಳು. ಅವನು ತಲೆಯಾಡಿಸಿದ. ಅಪ್ಪನ ಸಾವಿನ ನೋವು ಅವನಿಗೆ ಅಂದೇ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮಚ್ಚನ್ನು ಮಾತ್ರ ಮರುದಿನ ಅಚ್ಚಾ ಹೊಲದ ಬೇಲಿ ಸಂದಿ ಮುಚ್ಚಲು ಕಳ್ಳಿ ಕಡಿಯುವುದಕ್ಕೆ ಒಯ್ದ.

ಮುಂದಿನ ಬಿತ್ತನೆಯ ಹೊತ್ತಿಗೆ ಇನ್ನೊಂದು ಊರಿನಲ್ಲಿ ಇನ್ನೊಂದು ಸುದ್ದಿ ಹಬ್ಬಿತು. ಪಾದ್ರಿ, ಇಮಾಮ್ ಹೊರಟರು. ತಾನೂ ಬರುತ್ತೇನೆಂದು ರಿಫ್ಕಾತು ಸೆರಗು ಬಿಗಿದು ಬಂದಳು.

"ನೀನು ಬೇಡ ಚೋಜಿಯಮ್ಮ, ಕೆಟ್ಟುಹೋದೆ. ಈಗ ನಮ್ಮನ್ನ ನಂಬ್ತೀಯ" ಅಂದರು ಪಾದ್ರಿ. "ಆ ಊರಲ್ಲಿ ನಮ್ಮನ್ನ ಕಂಡ್ರೆ ಉರಿದು ಬೀಳೋಳು ಒಬ್ಬಳನ್ನ ಹುಡುಕಿಕೊಡು."

ಅವಳು ಹುಡುಕಿಕೊಟ್ಟಳು. ಅಂಥವರು ಎಲ್ಲಿ ಕೂತಿರುತ್ತಾರೆ, ಹೇಗೆ ಮಾತಾಡಿಸಬೇಕು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಸಂಘದಲ್ಲಿ ಕೂತು ಕೇಳುತ್ತಿರುವ ತಾಯಂದಿರೇ, ತೋಮಾ, ಹಾಶಿಮು ಅಂಥವರು ಪವಾಡ ಮಾಡುವವರಲ್ಲ. ಸುದ್ದಿ ಬಂದಾಗ ಇಬ್ಬರೂ ಜೊತೆಯಾಗಿ ಹೋಗಿ ನೋಡುತ್ತಾರೆ, ನೋಡಿದ್ದನ್ನಷ್ಟೇ ಹೇಳುತ್ತಾರೆ. ಇಷ್ಟನ್ನೇ ಅವರು ಪ್ರಾಣ ಒತ್ತೆಯಿಟ್ಟು ವರ್ಷಗಟ್ಟಲೆ ಮಾಡುತ್ತಾರೆ. ನಿಮ್ಮ ಊರಿನಲ್ಲೂ ಅಂಥ ಪೂಜಾರಿ, ಪಾದ್ರಿ, ಮೌಲ್ವಿ ಇದ್ದರೆ ಅವರನ್ನು ಹಂಗಿಸಬೇಡಿ, ಅವರ ಜೊತೆ ಒಮ್ಮೆ ನಡೆದು ನೋಡಿ. ನಿಮಗೆ ಅನುಮಾನವಿದ್ದರೆ ಇನ್ನೂ ಒಳ್ಳೆಯದು, ನೀವೇ ಮೊದಲು ಹೊರಡಿ. ಫೋನಿಗೆ ಬಂದದ್ದನ್ನು ಮುಂದಕ್ಕೆ ಕಳಿಸುವ ಮುಂಚೆ, ಇದನ್ನು ಕಣ್ಣಾರೆ ಕಂಡವರು ಯಾರು ಎಂದು ಒಮ್ಮೆ ಕೇಳಿ. ಆಚೆ ಕೇರಿಯ ಬಾಗಿಲುಗಳು ಹೊತ್ತಿಗೆ ಮುಂಚೆ ಮುಚ್ಚಿದ್ದರೆ ಒಳಗೇನು ಸಂಚು ಎಂದು ಎಣಿಸುತ್ತಾ ಕೂರಬೇಡಿ. ಒಳಗಿರುವವರು ನಿಮ್ಮ ಬಾಗಿಲನ್ನೇ ನೋಡುತ್ತಾ ನಡುಗುತ್ತಿರಬಹುದು. ಇಬ್ಬರು ಹೋಗಿ, ಹಗಲಿನಲ್ಲಿ ಹೋಗಿ, ಹೆಸರು ಹೇಳಿ ಬಾಗಿಲು ತಟ್ಟಿ.